ಆಕ್ರಾಕ್ಕೆ ಟಿಕೆಟ್ ಕೊನೆಗೆ, ಹಳದಿ ಕಾರ್ಡು ಮೊದಲಿಗೆ

ಗೋಕಾಕ ತಾಲೂಕಿನ ಕೊಣ್ಣೂರದಿಂದ ಘಾನಾ ದೇಶದ ರಾಜಧಾನಿ ಆಕ್ರಾಕ್ಕೆ ಹೋಗಬೇಕಾದವರು ಮೊದಲು ಕೇಳುವುದು ಟಿಕೆಟಿಗೆ ಎಷ್ಟಾಗುತ್ತದೆ ಎಂದು. ಆಮೇಲೆ ವೀಸಾ, ಆಮೇಲೆ ರೊಕ್ಕ ಬದಲಾಯಿಸುವುದು, ಆಮೇಲೆ ಬಟ್ಟೆಬರೆ. ಸೂಜಿಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಯಾರಾದರೂ ನೆನಪಿಸಿದರೆ. ದುಬೈಗೋ ಸಿಂಗಪುರಕ್ಕೋ ಹೋಗಿಬಂದವರಿಗೆ ಈ ಕ್ರಮ ರೂಢಿಯಾಗಿದೆ, ಅಲ್ಲಿಗೆ ಅದು ಸರಿಯೂ ಹೌದು. ಪಶ್ಚಿಮ ಆಫ್ರಿಕಾದ ಮಟ್ಟಿಗೆ ಮಾತ್ರ ಅದು ತಲೆಕೆಳಗಾದ ಕ್ರಮ. ಆಕ್ರಾ ಇರಲಿ, ಟೋಗೋದ ಲೊಮೆ ಇರಲಿ, ಸಿಯೆರಾ ಲಿಯೋನಿನ ಫ್ರೀಟೌನ್ ಇರಲಿ, ಅಟ್ಲಾಂಟಿಕ್ ಕರಾವಳಿಯ ಈ ರಾಜಧಾನಿಗಳ ಪ್ರಯಾಣಕ್ಕೆ ಹಳದಿ ಜ್ವರದ ಲಸಿಕೆಯೇ ಮೊದಲ ಮೆಟ್ಟಿಲು. ಲಸಿಕೆಯ ದಿನ ಗೊತ್ತಾದ ಮೇಲೆ ವೀಸಾ, ವೀಸಾ ಗೊತ್ತಾದ ಮೇಲೆ ಟಿಕೆಟು. ಈ ಸರದಿ ತಪ್ಪಿದರೆ ರೊಕ್ಕವೂ ಹೋಗುತ್ತದೆ, ದಿನವೂ ಹೋಗುತ್ತದೆ. ಕೆಲವೊಮ್ಮೆ ತಾಯ್ನಾಡಿಗೆ ಮರಳಿದ ಮೇಲೂ ಮನೆಯ ಹೊಸ್ತಿಲು ತುಳಿಯಲು ವಾರ ಕಾಯಬೇಕಾಗುತ್ತದೆ.

ಅಷ್ಟು ದೂರಕ್ಕೆ ನಮ್ಮವರು ಯಾರು ಹೋಗುತ್ತಾರೆ ಎಂದು ಕೇಳುವವರಿದ್ದಾರೆ. ಹೋಗುವವರು ಬಹಳ ಮಂದಿ. ಮಂಗಳೂರಿನ ಗೋಡಂಬಿ ಕಾರ್ಖಾನೆಗಳಿಗೆ ಬರುವ ಸಿಪ್ಪೆಸಹಿತ ಬೀಜದಲ್ಲಿ ದೊಡ್ಡ ಪಾಲು ಐವರಿ ಕೋಸ್ಟ್, ಘಾನಾ, ಗಿನಿ-ಬಿಸಾವುಗಳಿಂದ ಹಡಗಿನಲ್ಲಿ ಬರುವಂಥದ್ದು. ಬೇಸಿಗೆಯ ಸುಗ್ಗಿಯಲ್ಲಿ ಮಾಲು ನೋಡಿ ದರ ಕುದುರಿಸಲು ವ್ಯಾಪಾರಿಗಳು ಆ ಬಂದರುಗಳಿಗೆ ಹೋಗಿಬರುತ್ತಾರೆ. ಗೋಕಾಕದ ಕರದಂಟಿನಲ್ಲಿ ಹಲ್ಲಿಗೆ ಸಿಗುವ ಗೋಡಂಬಿಯ ಚೂರು ಆಫ್ರಿಕಾದ ಮರದ್ದಾಗಿರುವ ಸಾಧ್ಯತೆ ಸಣ್ಣದಲ್ಲ. ಇನ್ನೊಂದು ಕಡೆ ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಆಫ್ರಿಕಾದ ಹಲವು ದೇಶಗಳಿಗೆ ವರ್ಷಗಳಿಂದ ಹೋಗಿಬರುತ್ತಿದ್ದಾರೆ. ದೊಡ್ಡ ಕಂಪನಿಯ ಬೆಂಬಲವಿಲ್ಲದೆ ಹಳ್ಳಿಯಿಂದ ನೇರವಾಗಿ ಖಂಡ ದಾಟುವ ಅವರ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೋರ್‌ವೆಲ್, ಔಷಧ, ಕಟ್ಟಡದ ಕೆಲಸಗಳಿಗೆ ಹೋದವರೂ ಇದ್ದಾರೆ, ಅವರನ್ನು ನೋಡಲು ಹೋಗುವ ತಂದೆತಾಯಿಗಳೂ ಇದ್ದಾರೆ.

ನನ್ನ ಮಾತಿಗೆ ಬಲವಾದ ಸಾಕ್ಷಿ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದ ಒಂದು ಪ್ರಸಂಗದಲ್ಲೇ ಇದೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಎರಡು ಸೇನಾ ಬಣಗಳ ನಡುವೆ ಕದನ ಹೊತ್ತಿಕೊಂಡಾಗ ಕರ್ನಾಟಕದ ನೂರಾರು ಹಕ್ಕಿಪಿಕ್ಕಿಗಳು ಅಲ್ಲಿದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಮೂರು ಸಾವಿರದ ಎಂಟು ನೂರಕ್ಕೂ ಹೆಚ್ಚು ಜನರನ್ನು ಹೊರತಂದಿತು. ಗುಂಡಿನ ಸದ್ದಿನಿಂದ ಪಾರಾಗಿ, ಊಟ ನಿದ್ದೆಯಿಲ್ಲದೆ ಬಂದ ಆ ಜನರಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ, ಅಂದರೆ ಹಳದಿ ಕಾರ್ಡು, ಇಲ್ಲದವರನ್ನು ನೇರವಾಗಿ ಮನೆಗೆ ಬಿಡಲಿಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ದೇಶಕ್ಕೆ ಬಂದಿಳಿದಿದ್ದ 1,191 ಮಂದಿಯಲ್ಲಿ 117 ಜನ ಕ್ವಾರಂಟೈನಿನಲ್ಲಿದ್ದರು ಎಂದು ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿತು. ಯುದ್ಧದಿಂದ ಓಡಿಬಂದವರಿಗೇ ಸಡಿಲಿಕೆ ಸಿಗಲಿಲ್ಲ ಎಂದ ಮೇಲೆ, ಮಗಳ ಮನೆ ನೋಡಲು ಹೋಗಿ ಬಂದವರಿಗೆ ಸಿಗುತ್ತದೆಂದು ನಂಬುವುದು ಹೇಗೆ?

ಇಷ್ಟು ಬಿಗಿ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆ. ಹಳದಿ ಜ್ವರ ವೈರಸ್ಸಿನಿಂದ ಬರುವ ರೋಗ. ತೀವ್ರವಾದಾಗ ಯಕೃತ್ತಿಗೆ ಏಟು ಬಿದ್ದು ಕಾಮಣಿಯಂತೆ ಕಣ್ಣು, ಚರ್ಮ ಹಳದಿಯಾಗುತ್ತವೆ, ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಆ ಹಂತ ಮುಟ್ಟಿದವರಲ್ಲಿ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಇದಕ್ಕೆಂದೇ ಇರುವ ಔಷಧಿ ಇಲ್ಲ. ಊರುಗಳಲ್ಲಿ ಇದನ್ನು ಮನುಷ್ಯನಿಂದ ಮನುಷ್ಯನಿಗೆ ದಾಟಿಸುವುದು ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಡೆಂಗಿ, ಚಿಕುನ್‌ಗುನ್ಯ ಹರಡುವ ಅದೇ ಸೊಳ್ಳೆ. ನಳದ ನೀರು ದಿನ ಬಿಟ್ಟು ದಿನ ಬರುವ ನಮ್ಮ ಊರುಗಳಲ್ಲಿ ಬ್ಯಾರಲ್, ಹಂಡೆ, ಹಿತ್ತಲಿನ ಹಳೆಯ ಟೈರು ಎಲ್ಲವೂ ಅದಕ್ಕೆ ತೊಟ್ಟಿಲು. ಅಂದರೆ ಭಾರತದಲ್ಲಿ ಸೊಳ್ಳೆ ಇದೆ, ರೋಗಕ್ಕೆ ಈಡಾಗಬಲ್ಲ ಮನುಷ್ಯರಿದ್ದಾರೆ, ಮಂಗಗಳಿವೆ. ವೈರಸ್ಸು ಮಾತ್ರ ಇಲ್ಲ. ಒಲೆ, ಕಟ್ಟಿಗೆ ಎಲ್ಲ ಸಿದ್ಧವಿದ್ದು ಕಿಡಿಯೊಂದೇ ಬಾಕಿಯಿರುವ ಮನೆಯಂತಿದೆ ನಮ್ಮ ದೇಶದ ಸ್ಥಿತಿ. ಸೊಳ್ಳೆ ಕಚ್ಚಿ ಮೂರರಿಂದ ಆರು ದಿನದೊಳಗೆ ಜ್ವರ ಕಾಣಿಸುತ್ತದೆ. ಆದ್ದರಿಂದಲೇ ಹಳದಿ ಜ್ವರದ ದೇಶದಿಂದ ಹೊರಟು ಆರು ದಿನ ತುಂಬದೆ, ಪ್ರಮಾಣಪತ್ರವೂ ಇಲ್ಲದೆ ಬಂದಿಳಿದವರನ್ನು ಆ ಅವಧಿ ಮುಗಿಯುವವರೆಗೆ ಬೇರೆಯಿಡುವ ನಿಯಮ ಬಂತು. ವಿದೇಶಿಯರಿಗೂ ನಮ್ಮವರಿಗೂ ನಿಯಮ ಒಂದೇ.

ಈ ಭಯ ಕನ್ನಡನಾಡಿಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು, ಹತ್ತಿರದ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಎದೆ ಝಲ್ಲೆಂದದ್ದು ಒಂದೇ ಕಾರಣಕ್ಕೆ: ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಕಾಡಿನ ಹಳದಿ ಜ್ವರದ ಗುರುತು. ಅದು ಕೊನೆಗೂ ಭಾರತಕ್ಕೆ ಕಾಲಿಟ್ಟಿತೇ ಎಂದು ಅವರು ಶಂಕಿಸಿದರು. ಪರೀಕ್ಷಿಸಿದಾಗ ಸಿಕ್ಕಿದ್ದು ಉಣ್ಣೆಯಿಂದ ಹರಡುವ ಬೇರೊಂದು ಹೊಸ ವೈರಸ್ಸು, ಹಳದಿ ಜ್ವರದ್ದೇ ಕುಲಕ್ಕೆ ಸೇರಿದ್ದು. ನಾವಿಂದು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಆ ಸಲ ಶಂಕೆ ಸುಳ್ಳಾಯಿತು. ಆದರೆ ದೂರದ ಖಂಡದ ರೋಗವೊಂದು ಮಲೆನಾಡಿನ ಕಾಡಿನಲ್ಲಿ ಕಾಣಿಸಿಕೊಳ್ಳುವುದು ಅಸಾಧ್ಯವೆಂದು ಯಾವ ವಿಜ್ಞಾನಿಯೂ ಅಂದು ಹೇಳಲಿಲ್ಲ, ಇಂದೂ ಹೇಳುವುದಿಲ್ಲ.

ಏಷ್ಯಾಕ್ಕೆ ಇದು ಎಂದೂ ಬಂದಿಲ್ಲ, ಮುಂದೆಯೂ ಬರುವುದಿಲ್ಲ ಎನ್ನುವವರಿಗೆ 2016 ಉತ್ತರ ಕೊಟ್ಟಿದೆ. ಅಂಗೋಲಾದಲ್ಲಿ ಆ ವರ್ಷ ಹಳದಿ ಜ್ವರ ಜೋರಾಗಿ ಹಬ್ಬಿದಾಗ, ಅಲ್ಲಿ ದುಡಿಯುತ್ತಿದ್ದ ಚೀನಾದ ಹನ್ನೊಂದು ಮಂದಿ ರೋಗ ಹೊತ್ತು ವಿಮಾನವೇರಿ ತಮ್ಮ ದೇಶಕ್ಕೆ ಮರಳಿದರು. ಏಷ್ಯಾದಲ್ಲಿ ಈ ರೋಗ ಪ್ರಯೋಗಾಲಯದಲ್ಲಿ ದೃಢಪಟ್ಟದ್ದು ಅದೇ ಮೊದಲು. ಅವರಿಂದ ಬೇರೆಯವರಿಗೆ ಹರಡಲಿಲ್ಲ, ಅದು ಪುಣ್ಯ. ಘಾನಾದಲ್ಲೂ ರೋಗ ಹಳೆಯ ಕತೆಯಲ್ಲ: 2021ರ ಕೊನೆಯಲ್ಲಿ ಆ ದೇಶದ ಉತ್ತರದ ಸವಾನ್ನಾ ಪ್ರದೇಶದಲ್ಲಿ ಅದು ತಲೆಯೆತ್ತಿ ಜೀವಗಳನ್ನು ತೆಗೆದುಕೊಂಡಿತು.

ಇಲ್ಲಿ ಆಕ್ರಾದ ಬಗ್ಗೆಯೇ ಒಂದು ಸಂಗತಿ ಹೇಳಬೇಕು, ಏಕೆಂದರೆ ನಾವು ಹಾಕಿಸಿಕೊಳ್ಳುವ ಲಸಿಕೆಯ ಬೇರು ಘಾನಾದ ನೆಲದಲ್ಲೇ ಇದೆ. ಆಗ ಆ ದೇಶಕ್ಕೆ ಗೋಲ್ಡ್ ಕೋಸ್ಟ್ ಎಂದು ಹೆಸರು. 1927ರಲ್ಲಿ ಅಲ್ಲಿನ ಆಸಿಬಿ ಎಂಬ ಯುವಕನಿಗೆ ಹಳದಿ ಜ್ವರ ಬಂತು. ಅವನ ರಕ್ತವನ್ನು ಭಾರತದಿಂದ ತರಿಸಿದ್ದ ರೀಸಸ್ ಕೋತಿಗೆ ಚುಚ್ಚಿದಾಗ ಆ ಕೋತಿ ರೋಗ ಬಂದು ಸತ್ತಿತು. ಆಫ್ರಿಕಾದ ಮಂಗಗಳು ತಲೆಮಾರುಗಳಿಂದ ಈ ವೈರಸ್ಸಿನೊಡನೆ ಬಾಳಿ ಗಟ್ಟಿಯಾಗಿದ್ದವು, ನಮ್ಮ ಕೋತಿಗೆ ಆ ಬಲವಿರಲಿಲ್ಲ. ರೋಗಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸು ಎಂದು ಖಚಿತವಾದದ್ದು ಹೀಗೆ. ಆ ಕೆಲಸದಲ್ಲಿದ್ದ ವಿಜ್ಞಾನಿ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ಜ್ವರಕ್ಕೆ ಲಾಗೋಸಿನಲ್ಲಿ ಬಲಿಯಾದರು. ಬ್ಯಾಕ್ಟೀರಿಯಾವೇ ಕಾರಣ ಎಂದು ನಂಬಿದ್ದ ಜಪಾನಿನ ವಿಜ್ಞಾನಿ ಹಿಡೆಯೊ ನೊಗುಚಿ ಅದನ್ನು ಪರೀಕ್ಷಿಸಲು ಆಕ್ರಾಕ್ಕೆ ಬಂದು 1928ರ ಮೇ 21ರಂದು ಅಲ್ಲೇ ತೀರಿಕೊಂಡರು. ಅವರ ಜೊತೆ ಕೆಲಸ ಮಾಡಿದ್ದ ಬ್ರಿಟಿಷ್ ವೈದ್ಯ ವಿಲಿಯಂ ಯಂಗ್ ಕೆಲವೇ ದಿನಗಳಲ್ಲಿ ಹಿಂಬಾಲಿಸಿದರು. ಆಸಿಬಿಯ ರಕ್ತದ ವೈರಸ್ಸನ್ನೇ ಇಲಿ ಮತ್ತು ಕೋಳಿಮರಿಯ ಭ್ರೂಣದ ಅಂಗಾಂಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆ ಇಳಿಸಿ, ಮ್ಯಾಕ್ಸ್ ಥೈಲರ್ 1937ರಲ್ಲಿ 17ಡಿ ಲಸಿಕೆ ಸಿದ್ಧಪಡಿಸಿದರು. 1951ರಲ್ಲಿ ಅವರಿಗೆ ನೊಬೆಲ್ ಬಂತು. ಜಗತ್ತು ಇಂದಿಗೂ ಬಳಸುವುದು ಆ ಲಸಿಕೆಯನ್ನೇ. ನೊಗುಚಿ ಹೆಸರಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಆಕ್ರಾದ ಲೆಗೊನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿದೆ.

ಆದ್ದರಿಂದಲೇ, ಹಳದಿ ಕಾರ್ಡು ಕೇಳುವುದು ಆಫ್ರಿಕಾವನ್ನು ರೋಗದ ನಾಡೆಂದು ಹೀಗಳೆಯುವುದಲ್ಲವೇ ಎಂಬ ಆಕ್ಷೇಪವನ್ನು ನಾನು ಗೌರವದಿಂದ ಕೇಳುತ್ತೇನೆ, ಆದರೆ ಒಪ್ಪುವುದಿಲ್ಲ. ಕಾರ್ಡನ್ನು ನಾವಷ್ಟೇ ಕೇಳುವುದಿಲ್ಲ. ಘಾನಾ ಕೂಡ ಒಂಬತ್ತು ತಿಂಗಳು ದಾಟಿದ ಪ್ರತಿಯೊಬ್ಬ ಪ್ರಯಾಣಿಕನಿಂದ ಕೇಳುತ್ತದೆ. ತನ್ನ ಮಕ್ಕಳಿಗೆ ಅದು 1992ರಿಂದಲೇ ಈ ಲಸಿಕೆ ಹಾಕುತ್ತಿದೆ. ಅಲ್ಲಿನ ಕೂಸಿಗೆ ಇರುವ ರಕ್ಷಣೆ ಇಲ್ಲಿಂದ ಹೋಗುವ ದೊಡ್ಡವರಿಗೆ ಇರುವುದಿಲ್ಲ ಎಂಬುದೇ ನಿಜವಾದ ವ್ಯತ್ಯಾಸ.

ಈಗ ದಿನಗಳ ಲೆಕ್ಕ. ಲಸಿಕೆ ಹಾಕಿಸಿಕೊಂಡ ಹತ್ತನೆಯ ದಿನದಿಂದ ಮಾತ್ರ ಪ್ರಮಾಣಪತ್ರಕ್ಕೆ ಬೆಲೆ. ಇಂದು ಚುಚ್ಚಿಸಿಕೊಂಡು ನಾಳೆ ಹಾರಿದರೆ ಕೈಯಲ್ಲಿ ಕಾರ್ಡಿದ್ದೂ ಇಲ್ಲದಂತೆ. ಹಿಂದೆ ಈ ಪತ್ರ ಹತ್ತು ವರ್ಷಕ್ಕೊಮ್ಮೆ ಹೊಸದಾಗಬೇಕಿತ್ತು. 2016ರ ಜುಲೈ 11ರಿಂದ ಒಂದು ಸಲ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು, ಹಳೆಯ ಕಾರ್ಡುಗಳಿಗೂ ಇದೇ ಅನ್ವಯ. ಲಸಿಕೆ ಪ್ರತಿಯೊಂದು ದವಾಖಾನೆಯಲ್ಲಿ ಸಿಗುವಂಥದ್ದಲ್ಲ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿ, ಮೊಹರು ಒತ್ತಿ ಕಾರ್ಡು ಕೊಡುತ್ತಾರೆ. ಮುಂಬೈ, ಬೆಂಗಳೂರುಗಳಲ್ಲಿ ಇಂಥ ಕೇಂದ್ರಗಳಿವೆ. ಗೋವಾದ ಮುರಗಾಂವ ಬಂದರಿನ ಆರೋಗ್ಯ ಕಚೇರಿಯೂ ಒಂದು. ಘಟಪ್ರಭಾದಲ್ಲಿ ರೈಲು ಹತ್ತಿ ಲೋಂಡಾದಲ್ಲಿ ಬದಲಾಯಿಸಿ ವಾಸ್ಕೋಗೆ ಇಳಿಯುವುದು ಕೊಣ್ಣೂರದವರಿಗೆ ಕಷ್ಟದ ದಾರಿಯೇನಲ್ಲ. ಆದರೆ ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಆರು ಗಂಟೆಯೊಳಗೆ ಅದು ಮುಗಿಯಬೇಕು. ಹಾಗಾಗಿ ಕೇಂದ್ರಗಳು ಜನರನ್ನು ಕೂಡಿಸಿ ಗೊತ್ತಾದ ವಾರಗಳಂದು ಮಾತ್ರ ಹಾಕುತ್ತವೆ, ಮೊದಲೇ ಹೆಸರು ಬರೆಸಬೇಕು. ಎಲ್ಲಕ್ಕಿಂತ ಮುಖ್ಯವಾದ ಗಂಟು ಇನ್ನೊಂದಿದೆ: ಲಸಿಕೆಗೆ ಹೋಗುವಾಗ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ವೀಸಾಕ್ಕೆಂದು ಅದನ್ನು ದೆಹಲಿಯ ಘಾನಾ ಹೈಕಮಿಷನ್ನಿಗೆ ಕಳುಹಿಸಿ ಕೂತವರು, ಅದು ಮರಳಿ ಬರುವವರೆಗೆ ಲಸಿಕೆಯನ್ನೂ ಹಾಕಿಸಿಕೊಳ್ಳಲಾರರು. ಪಾಸ್‌ಪೋರ್ಟ್ ಬಂದ ಮೇಲೆ ಕೇಂದ್ರದ ಸರದಿ, ಸರದಿಯ ಮೇಲೆ ಹತ್ತು ದಿನ. ಟಿಕೆಟು ಮೊದಲೇ ತೆಗೆದಿದ್ದರೆ ಅದರ ದಿನ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ಕಾರ್ಡಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅಡ್ಡಹೆಸರು, ತಂದೆಯ ಹೆಸರು ಅದಲುಬದಲಾಗುವ ನಮ್ಮ ಕಡೆ ಇದನ್ನು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು.

ಟಿಕೆಟ್ ತಡಮಾಡಿದರೆ ದುಬಾರಿಯಾಗುತ್ತದಲ್ಲ ಎಂಬುದು ಎಲ್ಲರ ಬಾಯಲ್ಲಿ ಬರುವ ಮಾತು, ಅದರಲ್ಲಿ ಸತ್ಯವೂ ಇದೆ. ಡಿಸೆಂಬರಿನಲ್ಲಿ ಅಮೆರಿಕ, ಯುರೋಪಿನಿಂದ ಘಾನಾದವರು ಊರಿಗೆ ಮರಳುವಾಗ ದರ ಏರುತ್ತದೆ. ಆದರೆ ನಾನು ಟಿಕೆಟ್ ತಡವಾಗಿ ಕೊಳ್ಳಿ ಎನ್ನುತ್ತಿಲ್ಲ, ಲಸಿಕೆ ಬೇಗ ಹಾಕಿಸಿಕೊಳ್ಳಿ ಎನ್ನುತ್ತಿದ್ದೇನೆ. ಪ್ರಯಾಣಕ್ಕೆ ಮೂರು ತಿಂಗಳು ಮುಂಚೆ ಕಾರ್ಡು ಕೈಗೆ ಬಂದರೆ ಅಗ್ಗದ ದರ ಕಂಡ ದಿನವೇ ಟಿಕೆಟ್ ತೆಗೆಯುವ ಸ್ವಾತಂತ್ರ್ಯ ನಿಮ್ಮದೇ. ಜೀವಮಾನವಿಡೀ ನಡೆಯುವ ಕಾರ್ಡು ಬೇಗ ಮಾಡಿಸಿದ್ದರಿಂದ ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ಚುಚ್ಚಿಸಿಕೊಳ್ಳದೆಯೇ ಕಾರ್ಡು ಕೊಡಿಸುತ್ತೇವೆ ಎನ್ನುವ ಏಜೆಂಟರ ಮಾತಿಗೆ ನನ್ನ ಉತ್ತರ ಚಿಕ್ಕದು. ಖೊಟ್ಟಿ ಕಾರ್ಡು ಅಧಿಕಾರಿಯನ್ನು ದಾಟಿಸಬಹುದು, ಸೊಳ್ಳೆಯನ್ನು ದಾಟಿಸುವುದಿಲ್ಲ.

ವಯಸ್ಸಾದವರ ಆಕ್ಷೇಪ ಮಾತ್ರ ಗಂಭೀರವಾದದ್ದು. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಳ್ಳುವಾಗ ಅಪರೂಪಕ್ಕೆ ತೀವ್ರ ತೊಂದರೆ ಬರುವ ಸಂಭವ ಕಿರಿಯರಿಗಿಂತ ಹೆಚ್ಚು. ಮೊಟ್ಟೆಗೆ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿಸುವ ಔಷಧಿ ತೆಗೆದುಕೊಳ್ಳುವವರಿಗೆ, ಆರು ತಿಂಗಳೊಳಗಿನ ಕೂಸುಗಳಿಗೆ ಇದನ್ನು ಹಾಕುವುದಿಲ್ಲ. ಬಸುರಿ, ಬಾಣಂತಿಯರ ವಿಷಯದಲ್ಲಿ ವೈದ್ಯರು ತೂಗಿ ನೋಡುತ್ತಾರೆ. ಹಾಕಬಾರದು ಎಂದು ವೈದ್ಯರು ತೀರ್ಮಾನಿಸಿದರೆ ವಿನಾಯಿತಿ ಪತ್ರ ಕೊಡುತ್ತಾರೆ. ಆ ಪತ್ರ ಇದ್ದರೂ ಮರಳಿದಾಗ ಆರು ದಿನ ಬೇರೆಯಿಡುವ ಅಧಿಕಾರ ಆರೋಗ್ಯಾಧಿಕಾರಿಗೆ ಇದೆ. ಎಪ್ಪತ್ತರ ತಾಯಿಯನ್ನು ಆಕ್ರಾಕ್ಕೆ ಕರೆಸಿಕೊಳ್ಳಬೇಕೆನ್ನುವ ಮಗ ಮೊದಲು ಮಾತಾಡಬೇಕಾದದ್ದು ಟ್ರಾವೆಲ್ ಏಜೆಂಟನ ಜೊತೆಗಲ್ಲ, ತಾಯಿಯ ಬಿಪಿ ಸಕ್ಕರೆ ನೋಡುವ ಡಾಕ್ಟರ ಜೊತೆಗೆ ಎಂದು ನಾನು ಹೇಳುವುದು ಇದಕ್ಕೇ. ಕೆಲವರ ವಿಷಯದಲ್ಲಿ ಹೋಗದಿರುವುದೇ ಸರಿಯಾದ ಯೋಜನೆ.

ಕಾರ್ಡು, ವೀಸಾ ಎರಡೂ ಆದ ಮೇಲೆ ಟಿಕೆಟಿನ ಕೆಲಸ ಸಲೀಸು. ಭಾರತದಿಂದ ಆಕ್ರಾಕ್ಕೆ ನೇರ ವಿಮಾನ ಹುಡುಕುತ್ತ ಕೂರಬೇಕಿಲ್ಲ; ಜನ ಹೋಗುವುದು ಅಡಿಸ್ ಅಬಾಬಾ, ದುಬೈ, ದೋಹಾ, ನೈರೋಬಿಗಳಲ್ಲಿ ಬದಲಾಯಿಸಿ. ಮುಂಬೈನಿಂದ ಅಡಿಸ್ ಅಬಾಬಾಕ್ಕೆ ಐದಾರು ತಾಸು, ಅಲ್ಲಿಂದ ಆಕ್ರಾಕ್ಕೆ ಮತ್ತೆ ಅಷ್ಟೇ. ಇಥಿಯೋಪಿಯಾ, ಕೆನ್ಯಾಗಳೂ ಹಳದಿ ಜ್ವರದ ಪಟ್ಟಿಯಲ್ಲಿವೆ ಎಂಬುದು ನೆನಪಿರಲಿ. ಕಾರ್ಡಿದ್ದವರಿಗೆ ಅದರ ಚಿಂತೆ ಇಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈ, ಬೆಂಗಳೂರಿಗೆ ವಿಮಾನವಿದ್ದರೂ, ಆ ಟಿಕೆಟು ಬೇರೆ, ಅಂತರರಾಷ್ಟ್ರೀಯ ಟಿಕೆಟು ಬೇರೆಯಾಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಆದ್ದರಿಂದ ನಡುವೆ ಒಂದು ರಾತ್ರಿಯ ಬಿಡುವು ಇಟ್ಟುಕೊಳ್ಳುವುದು ಉತ್ತಮ, ಮಳೆಗಾಲದಲ್ಲಂತೂ ಕಡ್ಡಾಯ.

ಯಾವಾಗ ಹೋಗಬೇಕು? ಆಕ್ರಾದಲ್ಲಿ ದೊಡ್ಡ ಮಳೆ ಏಪ್ರಿಲ್‌ನಿಂದ ಜೂನ್ ವರೆಗೆ, ಜೂನ್‌ನಲ್ಲಿ ಅದರ ಆರ್ಭಟ. ಡಿಸೆಂಬರ್, ಜನವರಿಗಳಲ್ಲಿ ಸಹಾರಾದ ಕಡೆಯಿಂದ ಹರ್ಮಟನ್ ಎಂಬ ಒಣಗಾಳಿ ಧೂಳು ಹೊತ್ತು ಬೀಸುತ್ತದೆ. ಉಬ್ಬಸ ಇರುವವರು ಆ ಹೊತ್ತು ತಪ್ಪಿಸಬೇಕು. ಮಲೇರಿಯಾ ಮಾತ್ರ ವರ್ಷವಿಡೀ ಇದೆ, ಅದೂ ಮಿದುಳಿಗೆ ಏರುವ ಫಾಲ್ಸಿಪಾರಂ ಜಾತಿಯದು. ಹಳೆಯ ಕ್ಲೋರೋಕ್ವಿನ್ ಅಲ್ಲಿ ನಾಟುವುದಿಲ್ಲ. ತಡೆಗುಳಿಗೆ ಯಾವುದು ಎಂದು ವೈದ್ಯರನ್ನೇ ಕೇಳಿ, ಅವರು ಹೇಳಿದಷ್ಟು ದಿನ ಮರಳಿದ ಮೇಲೂ ನುಂಗಬೇಕು. ಊರಿಗೆ ಬಂದು ತಿಂಗಳ ಮೇಲೆ ಜ್ವರ ಬಂದರೂ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ‘ಆಫ್ರಿಕಾಕ್ಕೆ ಹೋಗಿದ್ದೆ’ ಎಂಬುದು. ವೈರಲ್ ಎಂದು ಎರಡು ದಿನ ಕಾದುನೋಡುವ ಜ್ವರ ಅದಲ್ಲ.

ಇಷ್ಟೆಲ್ಲ ಸಿದ್ಧತೆಗೆ ತಕ್ಕ ಊರೇ ಆಕ್ರಾ? ಹೌದೆಂದೇ ನನ್ನ ತೀರ್ಪು. ಸಹಾರಾದ ದಕ್ಷಿಣದ ವಸಾಹತುಗಳಲ್ಲಿ ಮೊದಲಿಗೆ, 1957ರ ಮಾರ್ಚ್ 6ರಂದು, ಸ್ವಾತಂತ್ರ್ಯದ ಬಾವುಟ ಹಾರಿದ್ದು ಇಲ್ಲಿ. ಘಾನಾದ ನಾಯಕ ಕ್ವಾಮೆ ಎನ್‌ಕ್ರುಮಾ ಅದನ್ನು ಘೋಷಿಸಿದ ಬಯಲಿನಲ್ಲೇ ಅವರ ಸಮಾಧಿ ಇದೆ. ಕಡಲ ದಂಡೆಗುಂಟ ಪಶ್ಚಿಮಕ್ಕೆ ಹೋದರೆ ಕೇಪ್ ಕೋಸ್ಟ್ ಕೋಟೆ, ಪೋರ್ಚುಗೀಸರು 1482ರಲ್ಲಿ ಕಟ್ಟಿದ ಎಲ್ಮಿನಾ. ಮನುಷ್ಯರನ್ನು ಸರಪಳಿ ಬಿಗಿದು ಹಡಗಿಗೆ ತುಂಬಿದ ಆ ಕತ್ತಲೆ ಕೋಣೆಗಳ ಮುಂದೆ ನಿಂತವರು ಇತಿಹಾಸವನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ನಗರದ ಓಡೊರ್ಕೊರ್ ಭಾಗದಲ್ಲಿ, ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ ಕಟ್ಟಿ ಬೆಳೆಸಿದ ಹಿಂದೂ ಮಠವಿದೆ. ಅಲ್ಲಿ ಆರತಿ ಎತ್ತುವವರು ಆ ನೆಲದ ಮಕ್ಕಳು. ಉತ್ತರ ಕರ್ನಾಟಕದವರಿಗೆ ಇನ್ನೊಂದು ನಂಟು ಊಟದ ತಾಟಿನಲ್ಲಿ ಕಾಣುತ್ತದೆ. ಅಕ್ಕಿ, ಅಲಸಂದಿ ಕೂಡಿಸಿ ಬೇಯಿಸುವ ವಾಚೆ ಎಂಬ ಅನ್ನಕ್ಕೆ ಕೆಂಬಣ್ಣ ಬರುವುದು ಜೋಳದ ಎಲೆಯಿಂದ. ನಮ್ಮ ರೊಟ್ಟಿಯ ಜೋಳದ ತವರೂ ಆಫ್ರಿಕಾವೇ. ಶಾಕಾಹಾರಿಗಳು ವಾಚೆಯ ಜೊತೆ ಕೊಡುವ ಶಿಟೊ ಎಂಬ ಕಪ್ಪು ಖಾರ ಬೇಡವೆನ್ನಬೇಕು, ಅದರಲ್ಲಿ ಒಣಮೀನು ಸೇರಿರುತ್ತದೆ. ಎಡಗೈಯಿಂದ ಕೊಡುವುದು ಕೊಳ್ಳುವುದು ನಮ್ಮಲ್ಲಿಯಂತೆ ಅಲ್ಲಿಯೂ ಅಗೌರವ.

ಮಗನೋ ಮಗಳೋ ಆ ಕರಾವಳಿಯಲ್ಲಿ ದುಡಿಯುತ್ತಿದ್ದರೆ, ಅಥವಾ ವ್ಯಾಪಾರಕ್ಕೆ ಹೋಗುವ ಯೋಚನೆ ಮನಸ್ಸಿನಲ್ಲಿದ್ದರೆ, ದಿನ ಗೊತ್ತಾಗುವವರೆಗೆ ಕಾಯಬೇಡಿ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರುವಾಗಲೇ ಹತ್ತಿರದ ಅಧಿಕೃತ ಕೇಂದ್ರಕ್ಕೆ ಫೋನು ಮಾಡಿ, ಯಾವ ವಾರ ಹಾಕುತ್ತಾರೆಂದು ಕೇಳಿ, ಹೆಸರು ಬರೆಸಿ. ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ, ಮರಳಿ ಬರುವಾಗಲೂ ಅದನ್ನು ಕೇಳುತ್ತಾರೆ.